ಹಸು ಕೊಟ್ಟರೆ ಸಾಲದು, ಅದು ಕೊಟ್ಟಿಗೆಯಲ್ಲಿ ಉಳಿಯಬೇಕು

ಬಡ ಮನೆಯೊಂದಕ್ಕೆ ನೀವು ಒಂದು ಹಸು ಕೊಟ್ಟಿರಿ ಅಂದುಕೊಳ್ಳಿ. ಒಳ್ಳೆಯ ಹಸು, ಗಬ್ಬವಾಗಿದೆ. ಇನ್ನು ಆರು ತಿಂಗಳಿಗೆ ಕರು ಹಾಕುತ್ತದೆ, ಹಾಲು ಕೊಡುತ್ತದೆ, ಮನೆಗೆ ದಿನಾ ನಾಲ್ಕು ಕಾಸು ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಮೂರು ತಿಂಗಳು ಬಿಟ್ಟು ಹೋಗಿ ನೋಡಿದರೆ ಗೂಟ ಇದೆ, ಹಸು ಇಲ್ಲ.

ಏನಾಯಿತು? ಹಾಲು ಬರುವುದಕ್ಕೆ ಇನ್ನೂ ತಿಂಗಳುಗಳಿದ್ದವು, ಆದರೆ ಮೇವು ಮಾತ್ರ ಅವತ್ತಿನಿಂದಲೇ ಬೇಕಿತ್ತು. ಹಸು ನೋಡಿಕೊಳ್ಳುತ್ತಾ ಮನೆಯಲ್ಲಿ ನಿಂತರೆ ಆ ದಿನದ ಕೂಲಿ ತಪ್ಪುತ್ತದೆ. ಅಷ್ಟರಲ್ಲಿ ಮಗುವಿಗೆ ಜ್ವರ ಬಂತು. ಔಷಧಿಗೆ ಸಾಲ ಮಾಡಿದರು. ಸಾಲ ಕೊಟ್ಟವನು ವಾರಕ್ಕೊಮ್ಮೆ ಬಾಗಿಲಿಗೆ ಬಂದು ನಿಂತ. ಮನೆಯಲ್ಲಿ ಮಾರುವಂಥದ್ದು ಅಂತ ಇದ್ದದ್ದು ಹಸು ಒಂದೇ. ಮಾರಿದರು. ಅದೂ ತುರ್ತಿಗೆ ಮಾರಿದ್ದರಿಂದ ಅರ್ಧ ಬೆಲೆಗೆ.

'ಕೊಟ್ಟಿದ್ದನ್ನು ಉಳಿಸಿಕೊಳ್ಳಲು ಅವರಿಗೆ ಬರುವುದಿಲ್ಲ' ಅಂತ ಇಂಥ ಮನೆಗಳ ಬಗ್ಗೆ ಜನ ಸಲೀಸಾಗಿ ಹೇಳಿಬಿಡುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಗು ಜ್ವರದಲ್ಲಿ ಬೇಯುತ್ತಿರುವಾಗ ಹಸು ಮಾರದೆ ಇರುವ ತಾಯಿ ಯಾರಾದರೂ ಇದ್ದಾರಾ? ಆ ಜಾಗದಲ್ಲಿ ನಾನಿದ್ದರೂ ಮಾರುತ್ತಿದ್ದೆ, ನೀವೂ ಮಾರುತ್ತಿದ್ದಿರಿ. ಹಸುವಿನ ಸುತ್ತ ಇರಬೇಕಾದ ಬೇಲಿಯೇ ಆ ಮನೆಗೆ ಇರಲಿಲ್ಲ, ಅಷ್ಟೇ.

ಕೆಲವು ಸ್ವಯಂಸೇವಾ ಸಂಸ್ಥೆಗಳು ಈ ಬೇಲಿ ಕಟ್ಟುವ ಕೆಲಸವನ್ನು ತುಂಬ ಚೆನ್ನಾಗಿ ಕಲಿತಿವೆ. ಕಡುಬಡವರ ಮನೆಗಳ ಜೊತೆ ಎರಡು ವರ್ಷ ನಿಂತು, ಅವರನ್ನು ಒಂದು ಮಟ್ಟಕ್ಕೆ ದಾಟಿಸುವ ಈ ವಿಧಾನಕ್ಕೆ 'ಗ್ರ್ಯಾಜುಯೇಶನ್' ಅಂತ ಹೆಸರು. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಅನ್ನುವುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಇದು ಹುಟ್ಟಿದ್ದು ಬಾಂಗ್ಲಾದೇಶದಲ್ಲಿ. 1971ರ ಯುದ್ಧ ಮುಗಿದ ಮೇಲೆ ದೇಶ ಪೂರ್ತಿ ಕುಸಿದುಹೋಗಿತ್ತು. ಫಜ್ಲೆ ಹಸನ್ ಅಬೇದ್ ಅನ್ನುವವರು ಎಣ್ಣೆ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಲೆಕ್ಕಪತ್ರದ ಮನುಷ್ಯ. ಲಂಡನ್ನಿನಲ್ಲಿದ್ದ ತಮ್ಮ ಫ್ಲಾಟ್ ಮಾರಿ, ಆ ಹಣದಿಂದ 1972ರಲ್ಲಿ ಬ್ರ್ಯಾಕ್ ಅನ್ನುವ ಸಂಸ್ಥೆ ಶುರು ಮಾಡಿದರು. ಮೊದಲ ಕೆಲಸ ಯುದ್ಧದ ಕಾಲಕ್ಕೆ ಊರು ಬಿಟ್ಟು ಹೋಗಿ ವಾಪಸು ಬಂದವರಿಗೆ ಮನೆ ಕಟ್ಟಿಕೊಡುವುದು. ಆಮೇಲೆ ಆರೋಗ್ಯ, ಶಾಲೆ, ಸಣ್ಣ ಸಾಲ ಅಂತ ಕೆಲಸ ಬೆಳೆಯಿತು.

ಸಣ್ಣ ಸಾಲದ ಕೆಲಸ ಊರೂರಿಗೆ ಹಬ್ಬಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಊರಿನಲ್ಲಿ ಎಲ್ಲರಿಗಿಂತ ಬಡವರಾಗಿದ್ದವರು ಸಾಲದ ಗುಂಪುಗಳಲ್ಲಿ ಇರಲೇ ಇಲ್ಲ. ಕೆಲವರು ತಾವಾಗಿಯೇ ದೂರ ನಿಂತಿದ್ದರು. 'ಸಾಲ ತಗೊಂಡು ತೀರಿಸೋದು ಹೇಗೆ' ಅನ್ನುವ ಭಯ. ಇನ್ನು ಕೆಲವರನ್ನು ಗುಂಪಿನವರೇ ಸೇರಿಸಿಕೊಂಡಿರಲಿಲ್ಲ. ಒಬ್ಬರು ಕಟ್ಟದಿದ್ದರೆ ಉಳಿದವರ ಮೇಲೆ ಬೀಳುತ್ತದಲ್ಲ, ಅದಕ್ಕೆ. ಸಾಲ ತೀರಿಸುವ ಶಕ್ತಿ ಇದ್ದವರಿಗೆ ಮಾತ್ರ ಸಾಲ ಆಸರೆ. ಬರಿಗೈಯವರಿಗೆ ಅದು ಇನ್ನೊಂದು ಭಾರ. ಹಾಗಾಗಿ 2002ರಲ್ಲಿ ಬ್ರ್ಯಾಕ್ ಈ ಜನರಿಗಾಗಿಯೇ ಬೇರೆ ಕಾರ್ಯಕ್ರಮ ಶುರು ಮಾಡಿತು. ಇಲ್ಲಿ ಸಾಲ ಇಲ್ಲ, ಆಸ್ತಿಯನ್ನೇ ಕೊಡುವುದು.

ಶುರುವಾದ ಜಾಗಗಳಲ್ಲಿ ರಂಗಪುರದ ಕಡೆಯ ಉತ್ತರದ ಜಿಲ್ಲೆಗಳಿದ್ದವು. ಅಲ್ಲಿ 'ಮೊಂಗಾ' ಅನ್ನುವ ಒಂದು ಕಾಲ ಬರುತ್ತಿತ್ತು. ಆಶ್ವಯುಜ, ಕಾರ್ತಿಕದ ಹೊತ್ತಿಗೆ ಗದ್ದೆಯಲ್ಲಿ ಭತ್ತ ನಿಂತಿರುತ್ತದೆ, ಕೊಯ್ಲಿಗೆ ಬಂದಿರುವುದಿಲ್ಲ. ಗದ್ದೆಯಲ್ಲಿ ಕೆಲಸ ಇಲ್ಲ, ಆದ್ದರಿಂದ ಕೂಲಿ ಇಲ್ಲ, ಆದ್ದರಿಂದ ಒಲೆ ಹೊತ್ತುವುದಿಲ್ಲ. ಆಗ ಕೂಲಿಯವರು ಮುಂದಿನ ಕೊಯ್ಲಿನ ದುಡಿಮೆಯನ್ನು ಈಗಲೇ ಕಡಿಮೆ ರೇಟಿಗೆ ಒಪ್ಪಿ ಮುಂಗಡ ತಂದು ಉಣ್ಣುತ್ತಿದ್ದರು. ಕೊಯ್ಲು ಬಂದಾಗ ಬೇರೆಯವರ ಕೈಗೆ ಪೂರ್ತಿ ಕೂಲಿ, ಇವರ ಕೈಗೆ ಅರೆಬರೆ. ಮುಂದಿನ ವರ್ಷ ಮತ್ತೆ ಅದೇ. ಬಡತನ ಒಂದು ಬಲೆ ಅನ್ನುತ್ತೇವಲ್ಲ, ಅದರ ಗಂಟು ಬೀಳುವುದು ಇಂಥ ಕಡೆ.

ಹಾಗಾದರೆ ಊರಿನಲ್ಲಿ ಯಾರು ಎಲ್ಲರಿಗಿಂತ ಬಡವರು? ಕೇಳಲು ಸುಲಭ, ಕಂಡುಹಿಡಿಯಲು ಕಷ್ಟ. ದಾಖಲೆ ನೋಡಿದರೆ ಕಾಗದ ಮಾಡಿಸಿಕೊಳ್ಳಲು ಬಲ್ಲವರ ಹೆಸರೇ ಮೇಲೆ ಇರುತ್ತದೆ. ಅದಕ್ಕೇ ಸಂಸ್ಥೆಯವರು ಊರನ್ನೇ ಕೇಳುತ್ತಾರೆ. ಈ ವಿಧಾನ ನನಗೆ ತುಂಬ ಇಷ್ಟ, ಸ್ವಲ್ಪ ಹತ್ತಿರದಿಂದ ನೋಡೋಣ. ಬಯಲಿನಲ್ಲಿ ಜನ ಸೇರುತ್ತಾರೆ. ನೆಲದ ಮೇಲೆ ಕಡ್ಡಿಯಿಂದ, ಬಣ್ಣದ ಪುಡಿಯಿಂದ ಊರಿನ ನಕ್ಷೆ ಬರೆಯುತ್ತಾರೆ. ಇದು ದಾರಿ, ಇದು ಕೆರೆ, ಇದು ಮಸೀದಿ, ಇದು ಯಾರ ಮನೆ. ಒಂದೊಂದು ಮನೆಗೂ ಒಂದೊಂದು ಕಾರ್ಡು. ಆಮೇಲೆ ಕಾರ್ಡುಗಳನ್ನು ಗುಡ್ಡೆ ಹಾಕುತ್ತಾರೆ: ಅನುಕೂಲಸ್ಥರು ಒಂದು ಕಡೆ, ನಡುವಿನವರು ಒಂದು ಕಡೆ, ಬಡವರು, ಕಡುಬಡವರು. ವಾದ ನಡೆಯುತ್ತದೆ. 'ಅವಳಿಗೆ ಅಣ್ಣ ಇದ್ದಾನೆ' ಅಂತ ಒಬ್ಬರು ಅಂದರೆ 'ಇದ್ದಾನೆ, ಆದರೆ ನೋಡಲ್ಲ' ಅಂತ ಇನ್ನೊಬ್ಬರು. ಇಂಥ ಸತ್ಯ ಯಾವ ಅರ್ಜಿ ಫಾರಂನಲ್ಲೂ ಸಿಗುವುದಿಲ್ಲ.

ಊರಿನ ಮಾತನ್ನೂ ಅವರು ಪೂರ್ತಿ ನಂಬಿ ಕೂರುವುದಿಲ್ಲ. ಯಾರ ಜೊತೆಗೂ ಸೇರದವರು, ಊರ ಅಂಚಿನಲ್ಲಿ ಗುಡಿಸಲು ಹಾಕಿದವರು ಲೆಕ್ಕಕ್ಕೇ ಬರದೆ ಹೋಗಬಹುದು. ಅದಕ್ಕೆ ಕಾರ್ಯಕರ್ತರು ಮನೆಮನೆಗೆ ಹೋಗಿ ನೋಡುತ್ತಾರೆ. ಜಮೀನು ಎಷ್ಟಿದೆ? ದುಡಿಯುವ ಗಂಡಸು ಇದ್ದಾನಾ? ಶಾಲೆಗೆ ಹೋಗಬೇಕಾದ ಮಗು ಕೆಲಸಕ್ಕೆ ಹೋಗುತ್ತಿದೆಯಾ? ಮನೆ ನಡೆಯುವುದು ಬೇರೆಯವರ ಮನೆಗೆಲಸದಿಂದಲಾ, ಭಿಕ್ಷೆಯಿಂದಲಾ? ಹೀಗೆ ಸೋಸಿ ಪಟ್ಟಿ ಮಾಡುತ್ತಾರೆ. ಪಟ್ಟಿಯಲ್ಲಿ ಬಹುಪಾಲು ಹೆಂಗಸರೇ. ಗಂಡ ತೀರಿಕೊಂಡವರು, ಗಂಡ ಬಿಟ್ಟು ಹೋದವರು, ಗಂಡ ಹಾಸಿಗೆ ಹಿಡಿದವರು.

ಇನ್ನು ಆಸ್ತಿಯ ಮಾತು. ಹಸು, ಆಡು, ಕೋಳಿ, ಇಲ್ಲವೇ ಸಣ್ಣ ವ್ಯಾಪಾರಕ್ಕೆ ಸರಕು. ಯಾವುದು ಬೇಕು ಅಂತ ಆ ಹೆಂಗಸೇ ಆರಿಸಿಕೊಳ್ಳುತ್ತಾಳೆ, ಸಂಸ್ಥೆಯವರು ಕೂತು ಅವಳ ಜೊತೆ ಲೆಕ್ಕ ಹಾಕುತ್ತಾರೆ. ಕೊಡುವ ಮುಂಚೆ ಕೆಲವು ದಿನ ತರಬೇತಿ. ಮೇವು ಯಾವುದು, ಲಸಿಕೆ ಯಾವಾಗ, ಹೊಟ್ಟೆ ಉಬ್ಬರಿಸಿದರೆ ಏನು ಮಾಡಬೇಕು, ಹಸು ಬೆದೆಗೆ ಬಂದದ್ದು ಗೊತ್ತಾಗುವುದು ಹೇಗೆ. ಬೇರೆಯವರ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಗೊತ್ತಿದ್ದವಳಿಗೂ ತನ್ನದೇ ಹಸು ಸಾಕುವುದು ಹೊಸ ಕೆಲಸ.

ಇಲ್ಲಿಗೆ ನಿಂತರೆ ನಾವು ಮೊದಲು ನೋಡಿದ ಖಾಲಿ ಗೂಟದ ಕಥೆಯೇ ಆಗುತ್ತದೆ. ಬೇಲಿ ಶುರುವಾಗುವುದು ಇನ್ನು ಮುಂದೆ.

ಮೊದಲನೆಯದು, ವಾರದ ಖರ್ಚಿಗೆ ಒಂದಿಷ್ಟು ಹಣ. ಕೆಲವು ಕಡೆ ನಾಲ್ಕೈದು ತಿಂಗಳು, ಕೆಲವು ಕಡೆ ಒಂದು ವರ್ಷ. ಮೊತ್ತ ದೊಡ್ಡದಲ್ಲ, ಹೊಟ್ಟೆಗಾಗುವಷ್ಟು. ಇದನ್ನು ನೋಡಿ 'ಸುಮ್ನೆ ದುಡ್ಡು ಹಂಚುತ್ತಾರೆ' ಅನ್ನುವವರಿದ್ದಾರೆ. ಆದರೆ ಹಸು ಗಬ್ಬ ಹೊರುವುದು ಒಂಬತ್ತು ತಿಂಗಳಿಗೂ ಸ್ವಲ್ಪ ಜಾಸ್ತಿ. ಕರು ಹಾಕುವ ತನಕ ಆಸ್ತಿಯಿಂದ ಒಂದು ಕಾಸೂ ಬರುವುದಿಲ್ಲ, ಖರ್ಚು ಮಾತ್ರ ಇರುತ್ತದೆ. ಆ ನಡುವಿನ ಹೊಳೆ ದಾಟಲು ಹಾಕಿದ ಹಲಗೆ ಈ ಹಣ.

ಎರಡನೆಯದು ಆರೋಗ್ಯ. ಕಾರ್ಯಕರ್ತೆ ಮನೆಗೆ ಬಂದು ಕೈ ತೊಳೆಯುವುದರಿಂದ ಹಿಡಿದು ಹೆರಿಗೆಯ ತನಕ ಮಾತಾಡುತ್ತಾಳೆ. ಸಣ್ಣ ಕಾಯಿಲೆಗೆ ಮದ್ದು, ದೊಡ್ಡದಕ್ಕೆ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ. ಹಸುವಿಗೂ ಆರೋಗ್ಯಕ್ಕೂ ಏನು ಸಂಬಂಧ ಅನ್ನಿಸಬಹುದು. ಹಸು ಮಾರಾಟವಾದದ್ದು ಯಾಕೆ ಅಂತ ನೆನಪಿದೆಯಲ್ವಾ? ಮಗುವಿನ ಜ್ವರಕ್ಕೆ.

ಮೂರನೆಯದು ಉಳಿತಾಯ. ವಾರ ವಾರ ಚಿಲ್ಲರೆ ಕೂಡಿಸಿ ಪಾಸ್‌ಬುಕ್‌ನಲ್ಲಿ ಬರೆಸುವುದು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಅನ್ನುವ ಬುದ್ಧಿಮಾತನ್ನು ಹಾಸಿಗೆಯೇ ಇಲ್ಲದವರಿಗೆ ಹೇಳಿ ಏನು ಪ್ರಯೋಜನ? ಕೈಯಲ್ಲಿ ವಾರದ ಹಣ ಬರಲು ಶುರುವಾದ ಮೇಲೆ ಉಳಿತಾಯದ ಮಾತಿಗೆ ಅರ್ಥ ಬರುತ್ತದೆ. ಇದಕ್ಕೆ ಮುಂಚೆ ಮನೆಯಲ್ಲಿ ಹಣ ಇಟ್ಟರೂ ನಿಲ್ಲುತ್ತಿರಲಿಲ್ಲ. ನೆಂಟರು ಕೇಳುತ್ತಾರೆ, ಗಂಡ ತೆಗೆಯುತ್ತಾನೆ, ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಪುಸ್ತಕದಲ್ಲಿ ಇದ್ದರೆ 'ಸಂಸ್ಥೆಯಲ್ಲಿ ಕಟ್ಟಿಬಿಟ್ಟೆ' ಅಂತ ಹೇಳಬಹುದು. ಮುಂದಿನ ಜ್ವರಕ್ಕೆ ಹಸುವಿನ ಬದಲು ಪಾಸ್‌ಬುಕ್ ಹೊರಗೆ ಬರುತ್ತದೆ.

ಇದೆಲ್ಲವನ್ನೂ ಹಿಡಿದಿಟ್ಟಿರುವುದು ವಾರದ ಭೇಟಿ. ನನ್ನ ಕೇಳಿದರೆ ಇಡೀ ವಿಧಾನದ ಜೀವ ಇರುವುದು ಇಲ್ಲಿಯೇ. ಸುಮಾರು ಎರಡು ವರ್ಷ, ಹೆಚ್ಚುಕಡಿಮೆ ವಾರಕ್ಕೊಮ್ಮೆ, ಒಬ್ಬ ಕಾರ್ಯಕರ್ತೆ ಆ ಮನೆಯ ಬಾಗಿಲಿಗೆ ಬರುತ್ತಾಳೆ. ಹಸುವಿನ ಮೈ ಸವರಿ ನೋಡುತ್ತಾಳೆ. ಸಹಿ ಹಾಕಲು ಕಲಿಸುತ್ತಾಳೆ. ಮಗಳನ್ನು ಬೇಗ ಮದುವೆ ಮಾಡಬೇಡ ಅನ್ನುತ್ತಾಳೆ. ಕಳೆದ ವಾರ ಹೇಳಿದ್ದನ್ನು ಮಾಡಿದೆಯಾ ಅಂತ ಕೇಳುತ್ತಾಳೆ. ಊರಿನವರು ವರ್ಷಗಟ್ಟಲೆ ಸಾಲಕ್ಕೋ ಕೆಲಸಕ್ಕೋ ಬಿಟ್ಟು ಬೇರೆ ಯಾವುದಕ್ಕೂ ತಟ್ಟದ ಬಾಗಿಲು ಅದು. ಈಗ ಒಬ್ಬರು 'ಹೇಗಿದ್ದೀ' ಅಂತ ಕೇಳಲು ಬರುತ್ತಾರೆ.

ಇದು ಬರೀ ಭಾವನೆಯ ಮಾತಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಬುದ್ಧಿ ಚುರುಕು ನೋಡುವ ಪರೀಕ್ಷೆ ಕೊಟ್ಟಿದ್ದರು. ಕೊಯ್ಲಿಗೆ ಮುಂಚೆ ಕೈ ಬರಿದಾಗಿದ್ದಾಗ ಒಮ್ಮೆ, ಕಬ್ಬಿನ ಹಣ ಬಂದ ಮೇಲೆ ಇನ್ನೊಮ್ಮೆ. ಜನ ಅವರೇ. ಆದರೂ ಹಣ ಇಲ್ಲದ ದಿನಗಳಲ್ಲಿ ಫಲಿತಾಂಶ ಕೆಟ್ಟದಾಗಿತ್ತು. ಇವತ್ತಿನ ಊಟದ, ನಾಳೆಯ ಸಾಲದ ಚಿಂತೆ ತಲೆಯ ಶಕ್ತಿಯನ್ನು ತಿಂದುಬಿಡುತ್ತದೆ ಅಂತ ಅಧ್ಯಯನ ಮಾಡಿದವರು ಹೇಳುತ್ತಾರೆ. ಹಾಗಿರುವಾಗ ಆರು ತಿಂಗಳ ಮುಂದಿನ ಯೋಚನೆಗೆ ಜಾಗ ಎಲ್ಲಿ? ಕಾರ್ಯಕರ್ತೆಯ ಭೇಟಿ ಆ ಮುಂದಿನ ಯೋಚನೆಯನ್ನು ವಾರಕ್ಕೊಮ್ಮೆ ಮನೆಯೊಳಗೆ ತರುತ್ತದೆ. ನೈಜರ್ ದೇಶದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಇದಕ್ಕೆ ಹತ್ತಿರದ್ದು. ಅಲ್ಲಿ ಸರ್ಕಾರದ ನಗದು ಸಹಾಯ ಪಡೆಯುತ್ತಿದ್ದ ಹೆಂಗಸರಲ್ಲಿ ಕೆಲವರಿಗೆ ಬಂಡವಾಳದ ದೊಡ್ಡ ಮೊತ್ತ ಕೊಡದೆ, ಬದುಕಿನ ಕೌಶಲದ ತರಬೇತಿ ಕೊಟ್ಟು, ಊರಿನವರನ್ನು ಕೂರಿಸಿ ಕಿರುಚಿತ್ರ ತೋರಿಸಿ ಚರ್ಚೆ ಮಾಡಿಸಿದರು. ಮಾಡಿದ ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಫಲ ಕೊಟ್ಟದ್ದು ಅದೇ.

ಬ್ರ್ಯಾಕ್ ಮಾಡಿದ ಇನ್ನೊಂದು ಜಾಣತನದ ಕೆಲಸ ಊರಿನ ಸಮಿತಿ. 'ಗ್ರಾಮ ದಾರಿದ್ರ್ಯ ವಿಮೋಚನ ಸಮಿತಿ' ಅಂತ ಹೆಸರು. ಅದರಲ್ಲಿ ಊರಿನ ಅನುಕೂಲಸ್ಥರೂ ಇರುತ್ತಾರೆ. ಬಡವರ ಹಸು ಕಳುವಾಗದಂತೆ, ಯಾರದೋ ಹೊಲಕ್ಕೆ ನುಗ್ಗಿತು ಅಂತ ಜಗಳವಾಗದಂತೆ ನೋಡಿಕೊಳ್ಳುವುದು, ಮಕ್ಕಳು ಶಾಲೆಗೆ ಸೇರುವಂತೆ ಮಾಡುವುದು ಇಂಥವರ ಜವಾಬ್ದಾರಿ. ಬೇಲಿಯ ಹೊರಗೆ ನಿಂತವರನ್ನೇ ಬೇಲಿ ಕಾಯಲು ಹಚ್ಚಿದ ಹಾಗೆ.

ಇಷ್ಟೆಲ್ಲ ಮಾಡಿದರೆ ನಿಜವಾಗಿ ಬಡತನ ಕಡಿಮೆಯಾಗುತ್ತದಾ? ಸಂಸ್ಥೆಗಳು ತಮ್ಮ ಕೆಲಸ ತಾವೇ ಎಣಿಸಿ ಹೇಳಿದರೆ ನಂಬುವುದು ಕಷ್ಟ. ಮಳೆ ಚೆನ್ನಾಗಿ ಬಂದ ವರ್ಷ ಎಲ್ಲರ ಮನೆಯೂ ಸುಧಾರಿಸುತ್ತದೆ, ಅದರ ಹೆಸರು ಸಂಸ್ಥೆಗೆ ಹೋಗಬಾರದು. ಅದಕ್ಕೆ ಒಂದು ದಾರಿ ಇದೆ. ಪಟ್ಟಿಯಲ್ಲಿರುವ ಒಂದೇ ಥರದ ಮನೆಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡುವುದು. ಒಂದು ಗುಂಪಿಗೆ ಕಾರ್ಯಕ್ರಮ, ಇನ್ನೊಂದಕ್ಕೆ ಸದ್ಯಕ್ಕೆ ಇಲ್ಲ. ವರ್ಷಗಳ ನಂತರ ಎರಡನ್ನೂ ಹೋಲಿಸುವುದು. ಮಳೆ ಇಬ್ಬರಿಗೂ ಒಂದೇ, ಹಾಗಾಗಿ ಉಳಿದ ವ್ಯತ್ಯಾಸ ಕಾರ್ಯಕ್ರಮದ್ದು.

ಇಥಿಯೋಪಿಯ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು, ಈ ಆರು ದೇಶಗಳಲ್ಲಿ 10,495 ಮನೆಗಳನ್ನು ಹೀಗೆ ಹೋಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಮಾಡಿದ್ದು. 2019ರಲ್ಲಿ ನೊಬೆಲ್ ಬಂದದ್ದು ಇವರಿಬ್ಬರಿಗೇ, ಮೈಕೆಲ್ ಕ್ರೆಮರ್ ಜೊತೆಗೆ. ಕಾರ್ಯಕ್ರಮ ಮುಗಿದು ಒಂದು ವರ್ಷವಾದ ಮೇಲೂ ಆ ಮನೆಗಳಲ್ಲಿ ಊಟ, ಉಳಿತಾಯ, ಆಸ್ತಿ ಎಲ್ಲ ಸುಧಾರಿಸಿದ್ದು ಉಳಿದಿತ್ತು. ಐದು ದೇಶಗಳಲ್ಲಿ ಖರ್ಚಿಗಿಂತ ಲಾಭ ಜಾಸ್ತಿ.

ಹೊಂಡುರಾಸ್ ಒಂದರಲ್ಲಿ ಲೆಕ್ಕ ತಲೆಕೆಳಗಾಯಿತು. ಅಲ್ಲಿ ತುಂಬ ಜನಕ್ಕೆ ಕೋಳಿ ಸಿಕ್ಕಿತ್ತು. ರೋಗ ಬಂದು ಕೋಳಿಗಳು ಸತ್ತುಹೋದವು. ತರಬೇತಿ, ಭೇಟಿ ಎಲ್ಲ ಇತ್ತು, ಆದರೆ ಕೊಟ್ಟ ಆಸ್ತಿಯೇ ಉಳಿಯದಿದ್ದರೆ ಮೇಲೆ ಏರುವುದು ಯಾವುದರ ಮೇಲೆ? ಇದಕ್ಕೆ ಕನ್ನಡಿ ಹಿಡಿದ ಹಾಗೆ ಘಾನಾದಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಕೆಲವು ಮನೆಗಳಿಗೆ ಪೂರ್ತಿ ಕಾರ್ಯಕ್ರಮ, ಕೆಲವಕ್ಕೆ ಬರೀ ಆಡು, ಕೆಲವಕ್ಕೆ ಬರೀ ಉಳಿತಾಯದ ಏರ್ಪಾಟು. ಬರೀ ಆಡು ಪಡೆದ ಮನೆಗಳಲ್ಲಿ ಪೂರ್ತಿ ಕಾರ್ಯಕ್ರಮದಂಥ ಸುಧಾರಣೆ ಉಳಿಯಲಿಲ್ಲ. ಬೇಲಿ ಇದ್ದು ಆಸ್ತಿ ಇಲ್ಲದಿದ್ದರೂ ಕಷ್ಟ, ಆಸ್ತಿ ಇದ್ದು ಬೇಲಿ ಇಲ್ಲದಿದ್ದರೂ ಕಷ್ಟ.

ಬಾಂಗ್ಲಾದೇಶದಿಂದಲೇ ಬಂದ ಇನ್ನೊಂದು ಫಲಿತಾಂಶ ನನ್ನನ್ನು ತುಂಬ ಕಾಡಿದೆ. ಅಲ್ಲಿ 1,309 ಹಳ್ಳಿಗಳ ಮನೆಗಳನ್ನು ಮತ್ತೆ ಮತ್ತೆ ಹೋಗಿ ನೋಡಿದ್ದರು. ಆ ಲೆಕ್ಕವನ್ನೇ ಇಟ್ಟುಕೊಂಡು ಮಾಡಿದ, 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಶ್ನೆ ಇದು: ಒಂದೇ ಥರದ ಹಸು ಪಡೆದವರಲ್ಲಿ ಕೆಲವರು ಮೇಲೆ ಬಂದರು, ಕೆಲವರು ಮತ್ತೆ ಜಾರಿದರು, ಯಾಕೆ? ಉತ್ತರ ಅವರ ಗುಣದಲ್ಲಿರಲಿಲ್ಲ. ಮನೆಯಲ್ಲಿ ಮೊದಲೇ ಇದ್ದ ಚೂರುಪಾರು ಆಸ್ತಿಯಲ್ಲಿತ್ತು. ಹಸುವಿನ ಜೊತೆ ಒಂದು ಗಾಡಿಯೋ ಕೊಟ್ಟಿಗೆಯೋ ಇದ್ದರೆ ಅದರಿಂದ ದುಡಿಯಬಹುದು. ಇದೆಲ್ಲ ಸೇರಿ ಒಂದು ಗೆರೆ ದಾಟಿದ ಮನೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಗೆರೆಗೆ ಸ್ವಲ್ಪ ಕೆಳಗೆ ನಿಂತ ಮನೆ ಹಿಂದಕ್ಕೆ ಜಾರಿತು. ಬಾವಿಯಿಂದ ಹತ್ತಿ ಬರುವವನಿಗೆ ಹಗ್ಗ ಒಂದು ಮೊಳ ಸಾಲದೆ ಹೋದರೆ, ಉಳಿದ ಹತ್ತು ಮೊಳದಿಂದ ಏನು ಬಂತು? ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚುವುದು ನ್ಯಾಯ ಅಂತ ಕಾಣುತ್ತದೆ. ಆದರೆ ಗೆರೆ ದಾಟಿಸದ ಸಹಾಯ ಎಷ್ಟೋ ಸಲ ಪೂರ್ತಿ ವ್ಯರ್ಥ ಅಂತ ಈ ಅಧ್ಯಯನ ತೋರಿಸಿತು.

ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಅನ್ನುವ ಹಳೆಯ ಮಾತಿಗೂ ಒಂದು ಉತ್ತರ ಸಿಕ್ಕಿದೆ. ಘಾನಾದಲ್ಲಿ ಕಾರ್ಯಕ್ರಮದಲ್ಲಿದ್ದ ಹೆಂಗಸರಿಗೂ ಇಲ್ಲದವರಿಗೂ ಚೀಲ ಹೊಲಿಯುವ ಕೆಲಸ ಕೊಟ್ಟು ನೋಡಿದರು. ಒಂದೊಂದು ಚೀಲಕ್ಕೆ ಇಷ್ಟು ಅಂತ ಕೂಲಿ. ಕಾರ್ಯಕ್ರಮದಲ್ಲಿದ್ದವರು ಹೊಲಿದ ಚೀಲಗಳೇ ಜಾಸ್ತಿ, ಹೊಲಿಗೆಯೂ ಚೆನ್ನಾಗಿತ್ತು. ಹೊಟ್ಟೆ ತುಂಬಿ ಮನಸ್ಸು ಹಗುರಾದ ಮನುಷ್ಯ ಇನ್ನೂ ಚೆನ್ನಾಗಿ ದುಡಿಯುತ್ತಾನೆ, ನಮ್ಮ ಅನುಭವವೂ ಅದೇ ಅಲ್ವಾ?

ಇದು ಎಲ್ಲರಿಗೂ ಮದ್ದಲ್ಲ ಅನ್ನುವುದನ್ನೂ ಹೇಳಲೇಬೇಕು. ತೀರಾ ವಯಸ್ಸಾದವರು, ಎದ್ದು ಓಡಾಡಲು ಆಗದವರು ಹಸು ಸಾಕಲಾರರು. ಅವರಿಗೆ ಬೇಕಾದದ್ದು ಪಿಂಚಣಿ, ಪಡಿತರ, ನೋಡಿಕೊಳ್ಳುವ ಕೈ. ಅದು ಸರ್ಕಾರದ ಕೆಲಸ. ಸಂಸ್ಥೆ ಭೂಮಿ ಹಂಚಲಾರದು, ಊರಿನ ಕೂಲಿ ದರ ನಿಗದಿ ಮಾಡಲಾರದು. ಖರ್ಚೂ ಜಾಸ್ತಿ, ಅದರಲ್ಲೂ ಕಾರ್ಯಕರ್ತರ ಸಂಬಳಕ್ಕೆ. ದೊಡ್ಡದು ಮಾಡುವಾಗ ಎಲ್ಲರ ಕತ್ತರಿಯೂ ಮೊದಲು ಹೋಗುವುದು ವಾರದ ಭೇಟಿಯ ಮೇಲೆ. ಕಾರ್ಯಕ್ರಮದ ಜೀವ ಇರುವ ಜಾಗಕ್ಕೇ ಕತ್ತರಿ ಹಾಕುತ್ತಿದ್ದೇವೆ ಅನ್ನುವ ಎಚ್ಚರ ಬೇಕು. ಬಿಹಾರದಲ್ಲಿ ಸರ್ಕಾರ 2018ರಲ್ಲಿ 'ಸತತ ಜೀವಿಕೋಪಾರ್ಜನ್ ಯೋಜನಾ' ಅಂತ ಇದೇ ವಿಧಾನವನ್ನು ಶುರು ಮಾಡಿತು. ಸಾರಾಯಿ ನಿಷೇಧವಾದ ಮೇಲೆ ಕಳ್ಳು, ಸಾರಾಯಿ ಮಾರಿ ಬದುಕುತ್ತಿದ್ದ ಮನೆಗಳೂ ಅದರಲ್ಲಿ ಸೇರಿದವು. ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಅದು ಮುಟ್ಟಿದೆ. ಅಲ್ಲಿ ಭೇಟಿ ಕೊಡುವ ಕೆಲಸವನ್ನು ಮಹಿಳಾ ಸಂಘಗಳ ಜಾಲದ ಮೂಲಕವೇ ಮಾಡುತ್ತಾರೆ.

ಭಾರತದಲ್ಲಿ ಇದನ್ನು ಮೊದಮೊದಲು ಮಾಡಿದವರಲ್ಲಿ ಪಶ್ಚಿಮ ಬಂಗಾಳದ ಬಂಧನ್ ಅನ್ನುವ ಸಂಸ್ಥೆಯೂ ಒಂದು. ಅದನ್ನು 2001ರಲ್ಲಿ ಕಟ್ಟಿದ ಚಂದ್ರಶೇಖರ್ ಘೋಷ್ ಮೊದಲು ಬ್ರ್ಯಾಕ್‌ನಲ್ಲೇ ಕೆಲಸ ಮಾಡಿದವರು. 2007ರಲ್ಲಿ ಮುರ್ಷಿದಾಬಾದ್ ಜಿಲ್ಲೆಯಲ್ಲಿ ಶುರು ಮಾಡಿದಾಗ, ಹಸು ಕೊಡುತ್ತೇವೆ ಅಂದರೂ ಹೆಚ್ಚುಕಡಿಮೆ ಅರ್ಧದಷ್ಟು ಮನೆಯವರು ಬೇಡ ಅಂದರು. ಸುಮ್ಮನೆ ಯಾರಾದರೂ ಹಸು ಕೊಡುತ್ತಾರಾ, ಇದರ ಹಿಂದೆ ಏನೋ ಇದೆ ಅನ್ನುವ ಸಂಶಯ. ಬದುಕಿನುದ್ದಕ್ಕೂ ಯಾರೂ ಏನೂ ಕೊಡದಿದ್ದವರಿಗೆ ಆ ಸಂಶಯ ಸಹಜ.

ಹತ್ತು ವರ್ಷ ಕಳೆದ ಮೇಲೆ ಅಧ್ಯಯನದವರು ಮತ್ತೆ ಅಲ್ಲಿಗೆ ಹೋದರು. ಕಾರ್ಯಕ್ರಮದಲ್ಲಿದ್ದ ಮನೆಗಳ ಊಟ, ಆದಾಯ, ಆರೋಗ್ಯ ಮೊದಲ ಏಳು ವರ್ಷ ಬೆಳೆಯುತ್ತಲೇ ಹೋಗಿತ್ತು, ಹತ್ತನೇ ವರ್ಷಕ್ಕೂ ಉಳಿದಿತ್ತು. ಆದರೆ ಆದಾಯ ಬರುತ್ತಿದ್ದದ್ದು ಬರೀ ದನಕರುವಿನಿಂದಲ್ಲ. ಈ ಮನೆಗಳವರು ಬೇರೆ ಊರುಗಳಿಗೆ ಹೋಗಿ ಹೆಚ್ಚು ಸಂಬಳದ ಕೆಲಸ ಹಿಡಿದಿದ್ದರು. ಅಂಥ ಕೆಲಸ ಪಕ್ಕದ ಬಡ ಮನೆಯವರಿಗೂ ಸಿಗುತ್ತಿತ್ತು. ಆದರೆ ದುಡಿಯಲು ದೂರ ಹೋಗುವವನಿಗೆ ದಾರಿ ಖರ್ಚು ಬೇಕು. ಮೊದಲ ಸಂಬಳ ಬರುವ ತನಕ ಹಿಂದೆ ಉಳಿದವರ ಒಲೆ ಉರಿಯಲು ಒಂದಿಷ್ಟು ಅಕ್ಕಿಯೂ ಮನೆಯಲ್ಲಿರಬೇಕು.